ಸೇರಿನಿಂದ ಕ್ವಿಂಟಲಿಗೆ: ಒಂದು ತೊಗರಿ ಚೀಲದೊಳಗಿನ ವಿಜ್ಞಾನ

ತೊಗರಿ ಬರುವ ದಿನಗಳಲ್ಲಿ ಕಲಬುರಗಿಯ ಎಪಿಎಂಸಿ ಪ್ರಾಂಗಣದಲ್ಲಿ ಪ್ರತಿ ಚೀಲಕ್ಕೂ ಎರಡು ಪ್ರಶ್ನೆಗಳು ಕಾದಿರುತ್ತವೆ: ತೂಕ ಎಷ್ಟು, ತೇವಾಂಶ ಎಷ್ಟು? ಬೆಂಬಲ ಬೆಲೆಯ ಖರೀದಿಯಲ್ಲಿ ತೇವಾಂಶ ಶೇ 12ನ್ನು ದಾಟುವಂತಿಲ್ಲ. ದಾಟಿದರೆ ರೈತ ಕಾಳನ್ನು ಮತ್ತೆ ಬಿಸಿಲಿಗೆ ಹರಡಬೇಕು. ದ್ರವ್ಯ, ದ್ರವ್ಯರಾಶಿ, ಗಾತ್ರ, ಸಾಂದ್ರತೆ ಎಂದು ಮಕ್ಕಳು ಶಾಲೆಯಲ್ಲಿ ಬಾಯಿಪಾಠ ಮಾಡುವುದೆಲ್ಲ ಈ ಎರಡು ಪ್ರಶ್ನೆಗಳ ಒಳಗೇ ಇದೆ. ಅವು ಮಾರುಕಟ್ಟೆಗೆ ಬಂದು ಸೇರಿದ ದಾರಿ ಮಾತ್ರ ಬಹಳ ಉದ್ದ, ಮತ್ತು ಅದು ನಮ್ಮ ಜಿಲ್ಲೆಯಿಂದಲೇ ಹಾದುಹೋಗುತ್ತದೆ.

ಸೇಡಂ ತಾಲ್ಲೂಕಿನ ಮಳಖೇಡ ಒಂದು ಕಾಲಕ್ಕೆ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿದ್ದ ಜೈನ ಗಣಿತಜ್ಞ ಮಹಾವೀರಾಚಾರ್ಯರು ಕ್ರಿ.ಶ. 850ರ ಸುಮಾರಿಗೆ ‘ಗಣಿತಸಾರಸಂಗ್ರಹ’ ಬರೆದರು. ಲೆಕ್ಕಗಳನ್ನು ಹೇಳುವ ಮೊದಲು ಅವರು ಅಳತೆಗಳನ್ನು ಹೇಳುತ್ತಾರೆ. ಅಳತೆಯ ಆರಂಭ ಪರಮಾಣು. ನೀರಿನಿಂದಲೂ ಬೆಂಕಿಯಿಂದಲೂ ನಾಶವಾಗದ ಅತಿ ಸೂಕ್ಷ್ಮ ದ್ರವ್ಯ. ಇದು ಇಂದಿನ ರಸಾಯನಶಾಸ್ತ್ರದ ಪರಮಾಣು ಅಲ್ಲ, ಹಾಗೆಂದು ಮಕ್ಕಳಿಗೆ ಹೇಳಿಕೊಡಲೂಬಾರದು. ಆದರೆ ದ್ರವ್ಯವನ್ನು ಅಳೆಯಹೊರಟವನು ಮೊದಲು ದ್ರವ್ಯ ಎಂದರೇನು ಎಂದು ಕೇಳಿಕೊಂಡಿದ್ದಾನೆ ಎಂಬುದು ನನಗೆ ದೊಡ್ಡ ಮಾತು.

ಅದೇ ಅಧ್ಯಾಯದಲ್ಲಿ ಇನ್ನೊಂದು ಸಂಗತಿ ಇದೆ. ಧಾನ್ಯಕ್ಕೆ ಒಂದು ಪಟ್ಟಿ, ಚಿನ್ನಕ್ಕೆ ಒಂದು, ಬೆಳ್ಳಿಗೆ ಮತ್ತೊಂದು. ಧಾನ್ಯದ ಅಳತೆಗಳು ಪಾತ್ರೆಯ ಅಳತೆಗಳು: ನಾಲ್ಕು ಕುಡವಕ್ಕೆ ಒಂದು ಪ್ರಸ್ಥ, ನಾಲ್ಕು ಪ್ರಸ್ಥಕ್ಕೆ ಒಂದು ಆಢಕ, ನಾಲ್ಕು ಆಢಕಕ್ಕೆ ಒಂದು ದ್ರೋಣ. ಚಿನ್ನದ ಲೆಕ್ಕ ಗುಲಗಂಜಿಯ ತೂಕದಿಂದ ಮೇಲೇರುತ್ತದೆ. ಅಂದರೆ ಕಾಳನ್ನು ಗಾತ್ರದಿಂದ, ಲೋಹವನ್ನು ತೂಕದಿಂದ ಅಳೆಯುವ ವಿಂಗಡಣೆ ಆಗಲೇ ಗಟ್ಟಿಯಾಗಿತ್ತು.

ಈ ವಿಂಗಡಣೆಗೆ ಕಾರಣ ಆ ವಸ್ತುಗಳ ಗುಣದಲ್ಲೇ ಇದೆ. ಒಂದೊಂದು ಜೋಳದ ಕಾಳೂ ಘನ, ತನ್ನ ಆಕಾರ ಬಿಡುವುದಿಲ್ಲ. ಸಾವಿರಾರು ಕಾಳುಗಳು ಸೇರಿದಾಗ ರಾಶಿ ದ್ರವದ ಹಾಗೆ ಸುರಿಯುತ್ತದೆ, ಪಾತ್ರೆಯ ಆಕಾರ ತಾಳುತ್ತದೆ. ಹಾಗಾಗಿ ಪಾತ್ರೆಯಿಂದ ಅಳೆಯುವುದು ಸುಲಭ. ಹಾಗೆಂದು ಅದು ದ್ರವವಲ್ಲ: ನೀರಿನ ಮೇಲ್ಮೈ ತಾನೇ ಸಮವಾಗುತ್ತದೆ, ಕಾಳು ಗೋಪುರವಾಗಿ ನಿಲ್ಲುತ್ತದೆ. ಕಣದಲ್ಲಿ ಸೇರನ್ನು ಗೋಪುರದಂತೆ ತುಂಬಿ ಕೊಡುವುದಕ್ಕೂ ಅಂಚಿಗೆ ಸಮನಾಗಿ ಒರೆದು ಕೊಡುವುದಕ್ಕೂ ಇರುವ ಅಂತರ ಬಡವನ ಪಾಲಿಗೆ ಸಣ್ಣದಲ್ಲ. ಕಾಳುಗಳ ನಡುವೆ ಗಾಳಿಯೂ ಇರುತ್ತದೆ. ಪಾತ್ರೆಯನ್ನು ಕುಟ್ಟಿದರೆ ಕಾಳು ಇಳಿದು ಇನ್ನಷ್ಟು ಹಿಡಿಯುತ್ತದೆ, ಮೆಲ್ಲಗೆ ಸುರಿದರೆ ಕಡಿಮೆ ಹಿಡಿಯುತ್ತದೆ. ಅಳೆಯುವವನ ಕೈಯೇ ಅಳತೆಯ ಭಾಗವಾಗಿತ್ತು.

ನಾಗರಪಂಚಮಿಗೆ ನಮ್ಮ ಮನೆಗಳಲ್ಲಿ ಹುರಿಯುವ ಜೋಳದ ಅಳ್ಳು ಇದಕ್ಕೆ ಅತ್ಯುತ್ತಮ ಪ್ರಯೋಗ. ಕಾಳಿನೊಳಗಿನ ನೀರು ಬಿಸಿಗೆ ಹಬೆಯಾಗಲು ಹೊರಟು, ಗಟ್ಟಿ ಸಿಪ್ಪೆಯೊಳಗೆ ಒತ್ತಡ ಏರಿ, ಕೊನೆಗೆ ಕಾಳು ಸಿಡಿಯುತ್ತದೆ. ಒಂದು ಬಟ್ಟಲು ಜೋಳ ಹಲವು ಬಟ್ಟಲು ಅಳ್ಳಾಗುತ್ತದೆ. ಗಾತ್ರ ಹೆಚ್ಚಿತು. ತಕ್ಕಡಿಗೆ ಹಾಕಿದರೆ ತೂಕ ಹೆಚ್ಚಿಲ್ಲ, ಹಬೆಯಾಗಿ ಹೋದ ನೀರಿನಷ್ಟು ಕಡಿಮೆಯೇ ಆಗಿದೆ. ಗಾತ್ರ ಬೇರೆ, ವಸ್ತುವಿನಲ್ಲಿ ಎಷ್ಟು ದ್ರವ್ಯ ಇದೆ ಎಂದು ಹೇಳುವ ದ್ರವ್ಯರಾಶಿ ಬೇರೆ. ದ್ರವ್ಯರಾಶಿಯನ್ನು ಗಾತ್ರದಿಂದ ಭಾಗಿಸಿದರೆ ಸಿಗುವುದು ಸಾಂದ್ರತೆ. ಶಿಕ್ಷಕರು ಈ ಪಾಠವನ್ನು ಶ್ರಾವಣಕ್ಕೆ ಇಟ್ಟುಕೊಂಡರೆ ಎಷ್ಟು ಚೆನ್ನ!

ಊರೊಳಗೆ ಕೊಡುವ ಸೇರು, ತೆಗೆದುಕೊಳ್ಳುವ ಸೇರು ಒಂದೇ ಆಗಿದ್ದಾಗ ಪಾತ್ರೆಯ ಅಳತೆ ಸಾಕಾಗಿತ್ತು. ಕಾಳು ದೂರ ಹೋಗತೊಡಗಿದಾಗ ಸಾಲದಾಯಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತು. ಹತ್ತಿದ ನಿಲ್ದಾಣದಲ್ಲೂ ಇಳಿದ ನಿಲ್ದಾಣದಲ್ಲೂ ಒಂದೇ ಸಂಖ್ಯೆ ಬರಬೇಕಾದರೆ ತೂಕವೇ ಬೇಕು, ಏಕೆಂದರೆ ದಾರಿಯ ಕುಲುಕಾಟಕ್ಕೆ ಚೀಲದ ಗಾತ್ರ ಇಳಿಯುತ್ತದೆ, ತೂಕ ಇಳಿಯುವುದಿಲ್ಲ. ಬ್ರಿಟಿಷ್ ಭಾರತದ ತೂಕದಲ್ಲಿ ತೊಲ ಎಂದರೆ ಸುಮಾರು 11.66 ಗ್ರಾಂ, 80 ತೊಲಕ್ಕೆ ಒಂದು ಸೇರು, 40 ಸೇರಿಗೆ ಒಂದು ಮಣ, ಅಂದರೆ ಸುಮಾರು 37.3 ಕಿಲೋ. ಹೀಗೆ ಸೇರು ಎಂಬುದು ಕೆಲವೆಡೆ ಪಾತ್ರೆ, ಕೆಲವೆಡೆ ತೂಕ.

ಬದಲಾವಣೆ ಬಂದಾಗ ಎಲ್ಲವೂ ಒಟ್ಟಿಗೇ ಬಂದವು. ಹೈದರಾಬಾದ್ ಸಂಸ್ಥಾನ 1948ರ ಸೆಪ್ಟೆಂಬರ್‌ನಲ್ಲಿ ಭಾರತಕ್ಕೆ ಸೇರಿತು. 1956ರ ನವೆಂಬರ್ 1ರಂದು ಕಲಬುರಗಿ, ಬೀದರ್ ಮೈಸೂರು ರಾಜ್ಯಕ್ಕೆ ಬಂದವು. ಇಂದಿನ ಯಾದಗಿರಿ ಆಗ ಕಲಬುರಗಿ ಜಿಲ್ಲೆಯಲ್ಲೇ ಇತ್ತು. ಅದೇ ವರ್ಷದ ಕೊನೆಗೆ ತೂಕ ಮತ್ತು ಅಳತೆ ಮಾನಕಗಳ ಕಾಯ್ದೆ ಆಯಿತು. 1957ರ ಏಪ್ರಿಲ್‌ನಲ್ಲಿ ರೂಪಾಯಿಗೆ ನೂರು ಪೈಸೆ, 1958ರ ಅಕ್ಟೋಬರ್‌ನಿಂದ ಕಿಲೋ. ನಿಜಾಮರ ಏಳು ಹಾಲಿ ಸಿಕ್ಕಾ ರೂಪಾಯಿಗೆ ಭಾರತದ ಆರು ರೂಪಾಯಿ ಎಂದು ಲೆಕ್ಕ ಹಾಕಿ ಬಂದ ಜನ ರಾಜ್ಯ, ನಾಣ್ಯ, ತೂಕದ ಕಲ್ಲು ಮೂರನ್ನೂ ಕೆಲವೇ ವರ್ಷಗಳಲ್ಲಿ ಬದಲಿಸಿಕೊಂಡರು. ಅವರ ಈ ಸಾಧನೆಯನ್ನು ನಾವು ಸರಿಯಾಗಿ ಗುರುತಿಸಿಯೇ ಇಲ್ಲ.

ಕಿಲೋ ಹುಟ್ಟಿದ್ದು ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ, ನೀರಿನಿಂದ: ಒಂದು ಲೀಟರ್ ನೀರಿನ ದ್ರವ್ಯರಾಶಿ. ನೀರಿನ ಸಾಂದ್ರತೆ ಉಷ್ಣತೆಯೊಂದಿಗೆ ಬದಲಾಗುವುದರಿಂದ ಅದು ಅತಿ ಹೆಚ್ಚಾಗಿರುವ 4 ಡಿಗ್ರಿ ಸೆಲ್ಸಿಯಸ್ ಅನ್ನು ಆರಿಸಿಕೊಂಡರು. 1889ರಲ್ಲಿ ಪ್ಲಾಟಿನಂ–ಇರಿಡಿಯಂ ಮಿಶ್ರಲೋಹದ, 39 ಮಿಲಿಮೀಟರ್ ಎತ್ತರದ ಒಂದು ಉರುಳೆಯೇ ಜಗತ್ತಿನ ಕಿಲೋ ಆಯಿತು. ಭಾರತಕ್ಕೆ ಬಂದ ಅದರ 57ನೇ ಪ್ರತಿ ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದಲ್ಲಿದೆ. 2019ರ ಮೇ 20ರಿಂದ ಕಿಲೋವನ್ನು ಪ್ಲಾಂಕ್ ಸ್ಥಿರಾಂಕ ಎಂಬ, ಎಲ್ಲೆಡೆಯೂ ಬದಲಾಗದ ನಿಸರ್ಗದ ಸಂಖ್ಯೆಯ ಮೂಲಕ ನಿರೂಪಿಸಲಾಗಿದೆ. ಇನ್ನು ಯಾವ ಲೋಹದ ತುಂಡಿನ ಹಂಗೂ ಇಲ್ಲ.

ಆದರೂ ಎಪಿಎಂಸಿಯ ಎರಡನೇ ಪ್ರಶ್ನೆ ಉಳಿದೇ ಇದೆ, ಏಕೆಂದರೆ ತಕ್ಕಡಿ ಕಾಳನ್ನೂ ಅದರೊಳಗಿನ ನೀರನ್ನೂ ಬೇರೆ ಮಾಡಿ ನೋಡುವುದಿಲ್ಲ. ಶೇ 15 ತೇವಾಂಶದ 100 ಕಿಲೋ ತೊಗರಿಯಲ್ಲಿ ಒಣ ಕಾಳು 85 ಕಿಲೋ. ಬಿಸಿಲಿಗೆ ಹರಡಿದಾಗ ನೀರು ಕುದಿಯದೆಯೇ ಆವಿಯಾಗುತ್ತದೆ. ತೇವಾಂಶ ಶೇ 12ಕ್ಕೆ ಇಳಿಯುವ ಹೊತ್ತಿಗೆ ಅದೇ 85 ಕಿಲೋ ಒಟ್ಟು ತೂಕದ ಶೇ 88 ಆಗಿರಬೇಕು; 85ನ್ನು 0.88ರಿಂದ ಭಾಗಿಸಿದರೆ 96.6 ಕಿಲೋ. ಉಳಿದ 3.4 ಕಿಲೋ ಗಾಳಿಯಲ್ಲಿದೆ, ನಾಶವಾಗಿಲ್ಲ. ಖರೀದಿ ಕೇಂದ್ರದ ಮಾಪಕ ಈ ನೀರನ್ನು ಕಾಳಿನ ವಿದ್ಯುತ್ ಗುಣದಿಂದ ಅಂದಾಜು ಮಾಡುತ್ತದೆ. ಅದರ ಅಂಕಿಯ ಬಗ್ಗೆ ಅನುಮಾನ ಬಂದರೆ ಹಳೆಯ ಹಾದಿ ಇದ್ದೇ ಇದೆ: ಕಾಳನ್ನು ಪುಡಿ ಮಾಡಿ ತೂಗಿ, ನೂರು ಡಿಗ್ರಿಗಿಂತ ಸ್ವಲ್ಪ ಹೆಚ್ಚಿನ ಶಾಖದ ಒಲೆಯಲ್ಲಿಟ್ಟು, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ ಮತ್ತೆ ತೂಗುವುದು.