ರಾಜಿಗೆ ಒಪ್ಪದ ಕಾಯ್ದೆ, ಶಾಂತಿಸಭೆ ಸೇರುವ ಊರು

ಬೇಲೂರಿನ ಚನ್ನಕೇಶವನಿಗೆ ಚರ್ಮದ ಪಾದರಕ್ಷೆಗಳುಂಟು. ಬಾಬಾಬುಡನ್ ಗಿರಿಯಲ್ಲಿರುವ ಪತ್ನಿಯನ್ನು ಕಾಣಲು ಸ್ವಾಮಿ ನಡೆದೇ ಹೋಗುತ್ತಾನೆ, ನಡೆದು ನಡೆದು ಅವು ಸವೆಯುತ್ತವೆ, ಸವೆದಾಗ ಮಾದಿಗ ಸಮುದಾಯದವರು ಹೊಸ ಜೋಡು ಮಾಡಿ ಒಪ್ಪಿಸುತ್ತಾರೆ ಎಂಬುದು ಸೀಮೆಯ ಐತಿಹ್ಯ. ರಾಮಾನುಜಾಚಾರ್ಯರಿಂದ ತಿರುಕುಲದವರೆಂದು, ಅಂದರೆ ಪವಿತ್ರ ಕುಲದವರೆಂದು, ಕರೆಸಿಕೊಂಡ ಅಸ್ಪೃಶ್ಯ ಸಮುದಾಯಗಳವರಿಗೆ ಮೇಲುಕೋಟೆಯಲ್ಲೂ ಬೇಲೂರಿನಲ್ಲೂ ವರ್ಷದಲ್ಲಿ ಕೆಲವು ದಿನ ಗುಡಿಯೊಳಗೆ ಹೋಗುವ ಅವಕಾಶವಿತ್ತೆಂದು ಮೈಸೂರು ಸಂಸ್ಥಾನದ ಹಳೆಯ ಗ್ಯಾಜೆಟಿಯರು ದಾಖಲಿಸಿದೆ. ಇದನ್ನು ನಮ್ಮ ಕಡೆಯ ಔದಾರ್ಯಕ್ಕೆ ಉದಾಹರಣೆಯಾಗಿ ಭಾಷಣಗಳಲ್ಲಿ ಹೇಳುವುದು ವಾಡಿಕೆ. ಆದರೆ ಕೆಲವು ದಿನ ತೆರೆದಿರುತ್ತದೆ ಎಂದರೆ ಉಳಿದ ದಿನಗಳಲ್ಲಿ ಮುಚ್ಚಿರುತ್ತದೆ ಎಂದೇ ಅರ್ಥ. ತೆರೆಯುವವರು ಯಾರು, ಕಾಯುವವರು ಯಾರು ಎಂಬುದೂ ಆ ಕಟ್ಟಳೆಯೊಳಗೇ ಇದೆ.

ಈ ಅನುಮತಿಯನ್ನು ಹಕ್ಕಾಗಿ ಮಾಡಲು ಕಾನೂನು ನಡೆದ ದಾರಿ ಬಹಳ ಉದ್ದದ್ದೇನಲ್ಲ. ಮೈಸೂರು ಸಂಸ್ಥಾನ 1948ರಲ್ಲಿ ದೇವಾಲಯ ಪ್ರವೇಶದ ಕಾಯ್ದೆ ತಂದಿತು. 1950ರಲ್ಲಿ ಜಾರಿಗೆ ಬಂದ ಸಂವಿಧಾನವು ತನ್ನ 17ನೇ ವಿಧಿಯಲ್ಲಿ ಅಸ್ಪೃಶ್ಯತೆಯನ್ನು ರದ್ದುಪಡಿಸಿ, ಅದರ ಯಾವ ರೂಪದ ಆಚರಣೆಯೂ ಕಾನೂನಿನಂತೆ ಶಿಕ್ಷಾರ್ಹವೆಂದು ಸಾರಿತು. ಶಿಕ್ಷೆ ಏನೆಂದು ಹೇಳುವ ಕಾನೂನು ಬರಲು ಮತ್ತೆ ಐದು ವರ್ಷ ಬೇಕಾಯಿತು. 1955ರ ಅಸ್ಪೃಶ್ಯತೆ (ಅಪರಾಧಗಳ) ಕಾಯ್ದೆ ಗುಡಿ, ಬಾವಿ, ಕೆರೆ, ಹೋಟೆಲು, ಅಂಗಡಿಗಳ ಜೊತೆಗೆ ಹೋಟೆಲಿನಲ್ಲಿ ಬಳಸುವ ಪಾತ್ರೆಯನ್ನೂ ಬಿಡದೆ ಹೆಸರಿಸಿತು. ಎರಡು ವರ್ಷದ ನಂತರ, ಮೂಲ್ಕಿಯ ವೆಂಕಟರಮಣ ದೇವಸ್ಥಾನದ ಪ್ರಕರಣದಲ್ಲಿ, ದೇವಸ್ಥಾನ ಒಂದು ಪಂಗಡಕ್ಕೆ ಸೇರಿದ್ದೆಂಬ ಕಾರಣಕ್ಕೆ ಉಳಿದ ಹಿಂದೂಗಳನ್ನು ಪೂರ್ತಿಯಾಗಿ ಹೊರಗಿಡಲಾಗದು ಎಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಕಾಗದದ ಮೇಲಿನ ವಾದ 1957ಕ್ಕೇ ಮುಗಿದಿತ್ತು ಎನ್ನಬಹುದು.

ಊರಿನ ವಾದ ಮುಗಿದಿರಲಿಲ್ಲ. ಅದಕ್ಕೆ ಕಾರಣ 1955ರ ಕಾಯ್ದೆಯಲ್ಲೇ ಇದ್ದ, ಹೆಚ್ಚು ಜನ ಗಮನಿಸದ ಒಂದು ಪದ: ಆ ಅಪರಾಧಗಳನ್ನು ರಾಜಿಯಲ್ಲಿ ಮುಗಿಸಬಹುದಾಗಿತ್ತು. ದೂರು ಕೊಟ್ಟವನು ಯಾರ ಹೊಲದಲ್ಲಿ ಕೂಲಿ ಮಾಡುತ್ತಾನೋ, ಯಾರ ಬಳಿ ಮಗಳ ಮದುವೆಗೆ ಸಾಲ ತಂದಿದ್ದಾನೋ ಅವರೇ ಎದುರು ಪಕ್ಷದಲ್ಲಿರುವಾಗ, ರಾಜಿ ಎಂಬುದಕ್ಕೆ ಎಷ್ಟು ಬೆಲೆಯೆಂಬುದನ್ನು ಬಿಡಿಸಿ ಹೇಳಬೇಕಿಲ್ಲ. 1976ರಲ್ಲಿ ಕಾಯ್ದೆಗೆ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂಬ ಹೊಸ ಹೆಸರು ಬಂದಾಗ ಮಾಡಿದ ತಿದ್ದುಪಡಿಗಳಲ್ಲಿ, ನನ್ನ ದೃಷ್ಟಿಯಲ್ಲಿ, ಎಲ್ಲಕ್ಕಿಂತ ದೊಡ್ಡದು ಈ ರಾಜಿಯ ಬಾಗಿಲನ್ನು ಮುಚ್ಚಿದ್ದು. ಗುಡಿಗೆ ಬಿಡದಿದ್ದವರಿಗೆ ಕನಿಷ್ಠ ಒಂದು ತಿಂಗಳು, ಗರಿಷ್ಠ ಆರು ತಿಂಗಳು ಜೈಲು, ಜೊತೆಗೆ 100ರಿಂದ 500 ರೂಪಾಯಿವರೆಗೆ ದಂಡ ಎಂದು ನಿಗದಿಯಾಯಿತು. ಬೇಕೆಂದೇ ತನಿಖೆಯನ್ನು ಕಡೆಗಣಿಸುವ ಅಧಿಕಾರಿಯೂ ಅಪರಾಧಕ್ಕೆ ಕುಮ್ಮಕ್ಕು ಕೊಟ್ಟಂತೆ ಎಂಬ ಮಾತೂ ಆಗಲೇ ಸೇರಿತು.

ಈ 500 ರೂಪಾಯಿಯನ್ನು ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯ ಪಕ್ಕದಲ್ಲಿಟ್ಟು ನೋಡಬೇಕು. 2015ರಲ್ಲಿ ಅಲ್ಲಿನ ಬಸವೇಶ್ವರ ದೇವಸ್ಥಾನದೊಳಗೆ ಸ್ತ್ರೀಶಕ್ತಿ ಸಂಘದ ದಲಿತ ಮಹಿಳೆಯರು ಹೋದರು. ಊರಿನವರು ಅವರಿಗೆ 1,000 ರೂಪಾಯಿ ದಂಡ ಹಾಕಿದರು. ತಡೆದವರಿಗೆ ಕಾಯ್ದೆ ವಿಧಿಸಬಹುದಾದ ಗರಿಷ್ಠ ದಂಡದ ಎರಡರಷ್ಟನ್ನು, ಹಕ್ಕು ಚಲಾಯಿಸಿದವರ ಮೇಲೆ ಊರು ಹೊರಿಸಿತು. ಸುದ್ದಿ ಹೊರಬಿದ್ದ ಮೇಲೆ ಅಧಿಕಾರಿಗಳು ಬಂದರು, ಪೊಲೀಸರು ಬಂದರು, ಶಾಂತಿಸಭೆಗಳು ನಡೆದವು.

ಶಾಂತಿಸಭೆ ನೋಡಿದವರಿಗೆ ಅದರ ಕ್ರಮ ಗೊತ್ತು. ಶಾಲೆಯ ಜಗಲಿಯಲ್ಲೋ ಪಂಚಾಯಿತಿ ಕಟ್ಟಡದಲ್ಲೋ ತಹಶೀಲ್ದಾರರಿಗೆ ಒಂದು ಮೇಜು, ಅಕ್ಕಪಕ್ಕ ಪೊಲೀಸ್ ಮತ್ತು ಸಮಾಜ ಕಲ್ಯಾಣ ಇಲಾಖೆಯವರಿಗೆ ಕುರ್ಚಿ, ಊರ ಯಜಮಾನರಿಗೆ ಮುಂದಿನ ಸಾಲು. ಕೇರಿಯ ಹುಡುಗರು ಬಾಗಿಲ ಬಳಿ ನಿಂತಿರುತ್ತಾರೆ. ‘ಅಣ್ಣತಮ್ಮಂದಿರ ಹಾಗೆ ಇದ್ದೀವಿ ಸಾರ್, ಹೊರಗಿನವರು ಬಂದು ಕೆಡಿಸಿದರು’ ಎಂಬ ಮಾತು ಯಾರ ಬಾಯಿಂದಲಾದರೂ ಬಂದೇ ಬರುತ್ತದೆ. ಕೊನೆಗೆ ನಡಾವಳಿ ಬರೆದು ಎರಡೂ ಕಡೆಯವರ ಸಹಿ ಪಡೆಯುತ್ತಾರೆ. ಊರು ತಣ್ಣಗಾಗಲಿ ಎಂಬ ಅಧಿಕಾರಿಗಳ ಕಾಳಜಿಯನ್ನು ನಾನು ಅಲ್ಲಗಳೆಯುವುದಿಲ್ಲ. ರಾತ್ರಿ ಕಲ್ಲು ಬಿದ್ದರೆ ಉತ್ತರ ಹೇಳಬೇಕಾದವರು ಅವರು. ಆದರೆ 1976ರಲ್ಲಿ ಸಂಸತ್ತು ಹೊರಗೆ ಹಾಕಿದ ರಾಜಿ ಈ ಸಹಿಗಳ ಮೂಲಕ ಹಿಂಬಾಗಿಲಿನಿಂದ ಒಳಗೆ ಬರುತ್ತದೆ.

1970ರ ದಶಕದಲ್ಲಿ ಕಟ್ಟಿಕೊಂಡ ದಲಿತ ಸಂಘರ್ಷ ಸಮಿತಿಯ ಹೋರಾಟಗಳು ರಾಜ್ಯದ ಉದ್ದಗಲಕ್ಕೂ ಠಾಣೆಯ ಮೆಟ್ಟಿಲು ಹತ್ತುವ ಧೈರ್ಯವನ್ನು ಕೇರಿಗಳಿಗೆ ಕೊಟ್ಟವು. ಧೈರ್ಯ ಹೆಚ್ಚಿದಲ್ಲಿ ಹೊಡೆತವೂ ಹೆಚ್ಚಿತು. ತಡೆಯುವುದರ ಜೊತೆಗೆ ಸುಡುವುದು, ಬಹಿಷ್ಕರಿಸುವುದು ಸೇರಿದವು. ದೇಶದೆಲ್ಲೆಡೆಯ ಇಂಥ ಅನುಭವದಿಂದಲೇ ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ 1989ರ ದೌರ್ಜನ್ಯ ತಡೆ ಕಾಯ್ದೆ ಬಂತು. ತನಿಖೆ ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರಿಗೆ ಹೋಗಬಾರದೆಂದು 1995ರ ನಿಯಮಗಳು ಹೇಳಿದವು. 2016ರ ಜನವರಿಯಿಂದ ಜಾರಿಯಾದ ತಿದ್ದುಪಡಿಯ ಮೇಲೆ ದೇವಸ್ಥಾನಕ್ಕೆ, ಸ್ಮಶಾನಕ್ಕೆ, ಕೆರೆ ಬಾವಿಗೆ ತಡೆಯೊಡ್ಡುವುದೂ, ಸಾಮಾಜಿಕ ಬಹಿಷ್ಕಾರ ಹಾಕುವುದೂ ಇದೇ ಕಾಯ್ದೆಯಡಿ ಐದು ವರ್ಷದವರೆಗೆ ಶಿಕ್ಷೆಯಾಗಬಲ್ಲ ಅಪರಾಧಗಳಾದವು. ನ್ಯಾಯಾಲಯದಲ್ಲಿ ಮಾತ್ರ ಇಂಥ ಪ್ರಕರಣ ನಿಲ್ಲುವುದು ಎಂದೂ ಸುಲಭವಿರಲಿಲ್ಲ. ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ, ಹೊಸ ಕೊಳವೆಬಾವಿಯ ನೀರು ತೆಗೆಯಲು ಬಿಡದವರಿಗೆ ಕೆಳ ನ್ಯಾಯಾಲಯಗಳು ಕೊಟ್ಟ ಶಿಕ್ಷೆಯನ್ನು ಹೈಕೋರ್ಟ್ ತೆಗೆದುಹಾಕಿತ್ತು. ಅಪ್ಪಾ ಬಾಳು ಇಂಗಳೆ ಪ್ರಕರಣವೆಂದು ಹೆಸರಾದ ಅದರಲ್ಲಿ ಸುಪ್ರೀಂ ಕೋರ್ಟ್ 1992ರಲ್ಲಿ ಮಧ್ಯೆ ಬರಬೇಕಾಯಿತು. ಒಂದು ಕೊಡ ನೀರು ದಿಲ್ಲಿಯವರೆಗೆ ಹೋಗಿತ್ತು.

2021ರಲ್ಲಿ ಚನ್ನರಾಯಪಟ್ಟಣ ತಾಲ್ಲೂಕಿನ ದಿಂಡಗೂರಿನಲ್ಲಿ ದಲಿತರು ಅಧಿಕಾರಿಗಳ ಸಮ್ಮುಖದಲ್ಲಿ ದೇವಸ್ಥಾನ ಪ್ರವೇಶಿಸಿದರು. 2024ರ ಜನವರಿಯಲ್ಲಿ ಚಿಕ್ಕಮಗಳೂರು ಜಿಲ್ಲೆ ತರೀಕೆರೆ ತಾಲ್ಲೂಕಿನ ಗೇರುಮರಡಿ ಗೊಲ್ಲರಹಟ್ಟಿಯಲ್ಲಿ, ಜೆಸಿಬಿ ಕೆಲಸಕ್ಕೆಂದು ಬಂದ ದಲಿತ ಯುವಕನನ್ನು ಹಟ್ಟಿಯೊಳಗೆ ಕಾಲಿಟ್ಟನೆಂದು ಹೊಡೆದರು. ಕೆಲವು ದಿನಗಳ ಬಳಿಕ ದಲಿತ ಸಂಘಟನೆಯವರು ಪೊಲೀಸರ ಎದುರಿನಲ್ಲೇ ಹಟ್ಟಿಯ ಗುಡಿ ಹೊಕ್ಕರು. ಗೊಲ್ಲರಹಟ್ಟಿಯವರೇನೂ ಜಮೀನ್ದಾರರಲ್ಲ, ಅವರೂ ಹಿಂದುಳಿದವರೇ. ಮೇಲು ಕೀಳಿನ ಏಣಿಯಲ್ಲಿ ಕೆಳಗಿನ ಮೆಟ್ಟಿಲಲ್ಲಿರುವವರೂ ತಮಗಿಂತ ಕೆಳಗೊಂದು ಮೆಟ್ಟಿಲನ್ನು ಬಿಗಿಯಾಗಿ ಹಿಡಿದಿರುವುದನ್ನು ಯಾವ ಕಲಮಿನ ಭಾಷೆಯಲ್ಲಿ ಬರೆಯುವುದೋ ತಿಳಿಯದು.

ಹೋಟೆಲಿನ ಲೋಟದ ಕಥೆಯಂತೂ ಕಾಯ್ದೆಗಿಂತ ಚುರುಕಾಗಿ ಬದಲಾಗಿದೆ. ಹಿಂದೆ ಸೂರಿನ ಕೆಳಗೆ ದಲಿತರಿಗೆಂದು ಬೇರೆಯೇ ಇಟ್ಟ ಲೋಟ ಇರುತ್ತಿತ್ತು, ಅವರೇ ತೊಳೆದಿಡಬೇಕಿತ್ತು. ಬೇರೆ ಲೋಟ ಎಂಬುದೇ ಸಾಕ್ಷಿಯಾಗುತ್ತಿತ್ತು. ಈಗ ಪೇಪರ್ ಕಪ್ ಬಂದಿದೆ. ಒಬ್ಬರಿಗೆ ಸ್ಟೀಲ್ ಲೋಟ, ಇನ್ನೊಬ್ಬರಿಗೆ ಕೇಳುವ ಮೊದಲೇ ಪೇಪರ್ ಕಪ್ ಕೊಟ್ಟರೆ, ಶುಚಿತ್ವಕ್ಕೆ ಹಾಗೆ ಮಾಡಿದೆವು ಎನ್ನಬಹುದು. ಕುಡಿದಾದ ಮೇಲೆ ಮಹಜರು ಮಾಡಲು ವಸ್ತುವೂ ಉಳಿಯುವುದಿಲ್ಲ.

ದೂರು ಕೊಡಲು ಹೊರಟವನ ಮುಂದಿರುವ ಲೆಕ್ಕ ಹೀಗಿರುತ್ತದೆ. ಠಾಣೆ ತಾಲ್ಲೂಕು ಕೇಂದ್ರದಲ್ಲಿ, ಡಿವೈಎಸ್‌ಪಿ ಕಚೇರಿ ಉಪವಿಭಾಗದ ಪಟ್ಟಣದಲ್ಲಿ, ವಿಶೇಷ ನ್ಯಾಯಾಲಯ ಜಿಲ್ಲಾ ಕೇಂದ್ರದಲ್ಲಿ. ಪ್ರತಿ ವಾಯಿದೆಗೂ ಒಂದು ದಿನದ ಕೂಲಿ ಹೋಗುತ್ತದೆ. ಸಾಕ್ಷಿ ಹೇಳಬೇಕಾದ ಅಕ್ಕಪಕ್ಕದ ಮನೆಯವರು ಶುಂಠಿ ಕೀಳಲು ಹೋಗುವುದು ಆರೋಪಿಯ ಹೊಲಕ್ಕೇ. ಸಂಜೆಯ ಕೊನೆಯ ಬಸ್ಸಿಳಿದು ಅವನು ಕೇರಿಗೆ ನಡೆಯಬೇಕಾದ ದಾರಿ, ಅದೇ ಗುಡಿಯ ಮುಂದಿನಿಂದ ಹಾದುಹೋಗುತ್ತದೆ.