ಇಫುಗಾವೊ ಚಮಚ ಮತ್ತು ಗದ್ದೆಯ ಮೇಲಿನ ಕಾಡು

ಫಿಲಿಪೈನ್ಸ್‌ನ ಲುಜೋನ್ ದ್ವೀಪದ ಬೆಟ್ಟಗಳಲ್ಲಿ ಇಲೊಂಗೊಟ್, ಇಫುಗಾವೊ ಮುಂತಾದ ಜನ ತಲೆಮಾರುಗಳಿಂದ ಬದುಕುತ್ತಿದ್ದಾರೆ. ಇವರಲ್ಲಿ ಇಫುಗಾವೊ ಜನರ ಮರದ ಚಮಚಗಳು ದೂರದೂರದ ಮ್ಯೂಸಿಯಂ ಸೇರಿವೆ. ಹಿಡಿಯ ತುದಿಯಲ್ಲಿ ಒಬ್ಬ ಪುಟ್ಟ ಮನುಷ್ಯ, ಕೂತೋ ನಿಂತೋ ಇರುತ್ತಾನೆ. ಕೆತ್ತನೆಯನ್ನು ಎಲ್ಲರೂ ಮೆಚ್ಚುತ್ತಾರೆ. ಮರ ಎಲ್ಲಿಂದ ಬಂತು ಅಂತ ಕೇಳುವವರು ಕಡಿಮೆ.

ಅನ್ನಕ್ಕೆ ಕೈಯೇ ಸಾಕು. ಚಮಚ ಬೇಕಾಗುತ್ತಿದ್ದದ್ದು ಸಾರು ಕುಡಿಯೋಕೆ. ಒಂದೇ ಮರದ ತುಂಡಿನಲ್ಲಿ ಇಡೀ ಚಮಚವನ್ನು ಕಡೆಯುತ್ತಿದ್ದರು. ಒಲೆಯ ಹೊಗೆ ತಾಗಿ, ಕೈಯ ಜಿಡ್ಡು ಹತ್ತಿ ಅದು ಕಪ್ಪಗೆ ಮಿರುಗುತ್ತಿತ್ತು. ಅಪ್ಪನಿಂದ ಮಕ್ಕಳಿಗೆ ಬರುತ್ತಿತ್ತು. ಭತ್ತದ ಕಣಜ ಕಾಯುವ ‘ಬುಲುಲ್’ ಎಂಬ ಮರದ ಮೂರ್ತಿಗಳನ್ನು ನೋಡಿದವರಿಗೆ ಚಮಚದ ಮೇಲಿನ ಆ ಮನುಷ್ಯನ ಗುರುತು ತಕ್ಷಣ ಹತ್ತುತ್ತದೆ.

20ನೇ ಶತಮಾನದ ಶುರುವಿನಲ್ಲಿ ಅಮೆರಿಕನ್ನರ ಆಡಳಿತ ಬಂತು. ಬೆಟ್ಟದ ಮೇಲೆ ಬಾಗಿಯೊ ಪಟ್ಟಣ ಬೆಳೆಯಿತು. ಅದರ ಜೊತೆಗೇ ಕೊಳ್ಳುವವರು ಬಂದರು. ಇಫುಗಾವೊ ಕೆತ್ತನೆಗಾರರು ಅಲ್ಲಿಗೇ ಹೋಗಿ ನೆಲೆಸಿದರು. ಆಸಿನ್ ರಸ್ತೆಯುದ್ದಕ್ಕೂ ಈಗಲೂ ಅವರ ಅಂಗಡಿಗಳಿವೆ. ಚಮಚ ದೊಡ್ಡದಾಗುತ್ತಾ ಹೋಯಿತು. ಫಿಲಿಪಿನೊ ಮನೆಗಳ ಊಟದ ಕೋಣೆಯ ಗೋಡೆಗೆ ಭಾರಿ ಗಾತ್ರದ ಮರದ ಚಮಚ, ಫೋರ್ಕ್ ಜೋಡಿ ನೇತುಹಾಕುವುದು ವಾಡಿಕೆಯಾಯಿತು. ಹೀಗೆ ಮಾರಾಟಕ್ಕೆ ಕೆತ್ತುವುದನ್ನು ಸುಮ್ನೆ ಹಳಿಯುವುದು ತಪ್ಪು. ಇಫುಗಾವೊ ಪದ್ಧತಿಯಲ್ಲಿ ಗದ್ದೆಯ ದೊಡ್ಡ ಪಾಲು ಹಿರಿಯ ಮಗುವಿಗೆ ಹೋಗುತ್ತದೆ. ಉಳಿದವರೂ ಹೊಟ್ಟೆ ಹೊರೆಯಬೇಕಲ್ವಾ?

ಕಷ್ಟ ಬಂದದ್ದು ಕಾಡಿಗೆ. ಮೆಟ್ಟಿಲು ಗದ್ದೆಗಳ ಮೇಲ್ಗಡೆ ಒಂದೊಂದು ಕುಟುಂಬಕ್ಕೂ ಸೇರಿದ ‘ಮುಯೊಂಗ್’ ಎಂಬ ಕಾಡಿರುತ್ತದೆ. ಮನೆ ಕಟ್ಟುವ ಮರ, ಸೌದೆ, ಕೆತ್ತನೆಯ ದಿಮ್ಮಿ, ಎಲ್ಲ ಅಲ್ಲಿಂದಲೇ. ಮಳೆನೀರನ್ನು ಹಿಡಿದಿಟ್ಟು ಕೆಳಗಿನ ಗದ್ದೆಗೆ ಬಿಡುವುದೂ ಅದೇ ಕಾಡು. ಮನೆಗೆ ಬೇಕಾದಷ್ಟೇ ಚಮಚ ಮಾಡುವಾಗ ಮರ ಸಾಕಾಗುತ್ತಿತ್ತು. ಪೇಟೆಗೆ ಸಾಕಾಗಲಿಲ್ಲ. ಕಾಡು ತೆಳುವಾದರೆ ಗದ್ದೆಗೆ ನೀರು ಎಲ್ಲಿಂದ?

ಆ ಗದ್ದೆಗಳು 1995ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. 2001ರಲ್ಲಿ ಅಪಾಯದ ಪಟ್ಟಿಗೂ ಸೇರಿದವು. ಅದಕ್ಕೆ ಕೆತ್ತನೆಯೊಂದೇ ಕಾರಣವಲ್ಲ. ಹುಡುಗರು ಊರು ಬಿಟ್ಟು ಗದ್ದೆ ಪಾಳು ಬಿದ್ದದ್ದೂ ದೊಡ್ಡ ಕಾರಣ. 2012ರಲ್ಲಿ ಅಪಾಯದ ಪಟ್ಟಿಯಿಂದ ಹೊರಬಂದವು. ಬಾಗಿಯೊದ ಕೆತ್ತನೆಗಾರರು ಈಗ ಬೆಟ್ಟದ ಹಳೇ ಮರಗಳನ್ನೇ ನೆಚ್ಚಿಕೊಂಡಿಲ್ಲ. ಬೇಗ ಬೆಳೆಯುವ ಅಕೇಶಿಯಾದಂಥ ಮರಗಳಲ್ಲೂ ಉಳಿ ಆಡಿಸುತ್ತಾರೆ.