ಸೈಕಲ್ ನಿಂತಿತ್ತು, ಸ್ಪೀಡ್ ಮಾತ್ರ 31

ಮೊದಲ ಸಲ ನನ್ನ ರೈಡ್ ವಿಡಿಯೊ ಮೇಲೆ ಸ್ಪೀಡು, ಎದೆಬಡಿತ, ಪವರ್ (ಪೆಡಲ್ ತುಳಿಯುವ ಶಕ್ತಿ) ಎಲ್ಲ ಕೂರಿಸಿ ಖುಷಿಯಿಂದ ನೋಡುತ್ತಾ ಕೂತಿದ್ದೆ. ಸಿಗ್ನಲ್ ಬಂತು. ಬ್ರೇಕ್ ಹಿಡಿದೆ, ಮುಂದಿನ ಕಾರಿನ ಕೆಂಪು ದೀಪ ಅಲುಗಾಡದೆ ನಿಂತಿತು. ಪರದೆಯ ಮೂಲೆಯಲ್ಲಿ ಮಾತ್ರ ದಪ್ಪ ಅಕ್ಷರದಲ್ಲಿ 31 ಕಿ.ಮೀ. ಅಂತ ಇದೆ. ಆಮೇಲೆ ಹಸಿರು ದೀಪ ಬಿದ್ದು ನಾನು ಎದ್ದು ನಿಂತು ಪೆಡಲ್ ತುಳಿಯುತ್ತಿದ್ದರೆ, ಸ್ಪೀಡ್ ಸೊನ್ನೆ!

ಸಾಫ್ಟ್‌ವೇರ್ ಕೆಟ್ಟಿದೆ ಅಂತ ಬೈದುಕೊಂಡೆ. ಪಾಪ, ಅದರ ತಪ್ಪೇನೂ ಇರಲಿಲ್ಲ. ಚಿತ್ರವೂ ನಿಜ, ಅಂಕಿಯೂ ನಿಜ. ಎರಡೂ ಬೇರೆ ಬೇರೆ ಗಡಿಯಾರ ನೋಡಿಕೊಂಡು ಬಂದವು, ಅಷ್ಟೇ.

ಈ ಅಂಕಿಗಳೆಲ್ಲ ಯಾಕೆ ಬೇಕು ಅಂತ ಕೇಳಬಹುದು. ಒಂದು ಕಾರಣ, ಕ್ಯಾಮೆರಾ ಏರನ್ನು ತಿಂದುಹಾಕುತ್ತದೆ. ಅಗಲ ನೋಟದ ಲೆನ್ಸ್‌ನಲ್ಲಿ ಉಸಿರು ಕಟ್ಟಿಸಿದ ಏರು ಕೂಡ ಚಪ್ಪಟೆ ರಸ್ತೆಯ ಹಾಗೆ ಕಾಣುತ್ತದೆ. ನಾನು ಹಲ್ಲು ಕಚ್ಚಿ ಹತ್ತಿದ್ದನ್ನು ನೋಡಿದವರಿಗೆ ಇವನೇಕೆ ಇಷ್ಟು ನಿಧಾನ ಅನ್ನಿಸುತ್ತದೆ. ಪಕ್ಕದಲ್ಲಿ 9% ಏರು, 280 ವಾಟ್ ಅಂತ ಬರೆದಿದ್ದರೆ ಮಾನ ಉಳಿಯುತ್ತದೆ ಅಲ್ವಾ.

ಕೆಲಸ ಕೇಳೋಕೆ ಸುಲಭ. ಹ್ಯಾಂಡಲ್ ಮೇಲಿನ ಸೈಕಲ್ ಕಂಪ್ಯೂಟರ್ ಸಾಮಾನ್ಯವಾಗಿ ಸೆಕೆಂಡಿಗೊಂದು ಸಾಲು ಬರೆಯುತ್ತಾ ಹೋಗುತ್ತದೆ: ಸಮಯ, ಜಾಗ, ಎತ್ತರ, ಸ್ಪೀಡು, ಎದೆಬಡಿತ, ಪವರ್. ವಿಡಿಯೊ ಸೆಕೆಂಡಿಗೆ 30 ಚಿತ್ರ ಹಿಡಿಯುತ್ತದೆ. ಪ್ರತಿ ಚಿತ್ರದ ಸಮಯಕ್ಕೆ ಸರಿಹೊಂದುವ ಸಾಲು ಹುಡುಕಿ ಮೇಲೆ ಅಂಟಿಸಿದರೆ ಆಯಿತು. ತೊಂದರೆ ಇರುವುದು ಆ ‘ಸಮಯ’ ಅನ್ನುವ ಪದದಲ್ಲೇ.

ಕ್ಯಾಮೆರಾದ ಗಡಿಯಾರ ನಡೆಯುವುದು ಒಂದು ಪುಟ್ಟ ಕ್ವಾರ್ಟ್ಜ್ ಹರಳಿನಿಂದ. ಹತ್ತು ಲಕ್ಷಕ್ಕೆ 20ರಷ್ಟು ಹೆಚ್ಚುಕಡಿಮೆ ಆಗುವುದು ಅಂಥ ಹರಳಿಗೆ ಮಾಮೂಲಿ. ಏನೂ ಅಲ್ಲ ಅನ್ನಿಸುತ್ತದೆ, ಆದರೆ ಲೆಕ್ಕ ಹಾಕಿದರೆ ದಿನಕ್ಕೆ ಸುಮಾರು 1.7 ಸೆಕೆಂಡ್, ತಿಂಗಳಿಗೆ 50 ಸೆಕೆಂಡ್ ದಾಟುತ್ತದೆ. ಗಂಟೆಗೆ 36 ಕಿ.ಮೀ. ಹೋಗುವ ಸೈಕಲ್ ಒಂದು ಸೆಕೆಂಡಿಗೆ 10 ಮೀಟರ್ ಓಡುತ್ತದೆ. ಐವತ್ತು ಸೆಕೆಂಡ್ ತಪ್ಪಿದರೆ ಅರ್ಧ ಕಿಲೋಮೀಟರ್ ಹಿಂದಿನ ಕಥೆಯನ್ನು ಈಗಿನ ಚಿತ್ರದ ಮೇಲೆ ಬರೆದ ಹಾಗೆ.

ಸೈಕಲ್ ಕಂಪ್ಯೂಟರಿಗೆ ಈ ಗೋಳಿಲ್ಲ, ಅದಕ್ಕೆ ಜಿಪಿಎಸ್ ಉಪಗ್ರಹಗಳೇ ಸಮಯ ಹೇಳುತ್ತವೆ. ಅದರಲ್ಲೂ ಒಂದು ಚಿಕ್ಕ ತಮಾಷೆ ಇದೆ. ಜಿಪಿಎಸ್ ಸಮಯ 1980ರ ಜನವರಿ 6ಕ್ಕೆ ಶುರುವಾಗಿದ್ದು, ಆವತ್ತಿನಿಂದ ಸುಮ್ನೆ ಓಡುತ್ತಲೇ ಇದೆ. ನಾವು ಬಳಸುವ ಗಡಿಯಾರಕ್ಕೆ ಮಾತ್ರ, ಭೂಮಿಯ ತಿರುಗಾಟಕ್ಕೆ ಹೊಂದಿಸಲು, ಆಗಾಗ ಒಂದೊಂದು ಲೀಪ್ ಸೆಕೆಂಡ್ ಸೇರಿಸುತ್ತಾ ಬಂದರು. 2017ರ ಜನವರಿಯಿಂದ ಎರಡರ ನಡುವಿನ ಅಂತರ 18 ಸೆಕೆಂಡ್. ಎಷ್ಟು ಕಳೆಯಬೇಕು ಅನ್ನುವುದನ್ನೂ ಉಪಗ್ರಹವೇ ತಿಳಿಸುತ್ತದೆ, ಆದರೆ ಅದರ ಪೂರ್ತಿ ಸಂದೇಶ ಬಂದು ಮುಗಿಯಲು 12.5 ನಿಮಿಷ ಬೇಕು. ಅಲ್ಲಿವರೆಗೆ ಉಪಕರಣ ತನ್ನ ಹತ್ತಿರ ಇರುವ ಹಳೇ ಅಂಕಿಯನ್ನೇ ನಂಬಿಕೊಂಡಿರುತ್ತದೆ.

ಇದಕ್ಕೆಲ್ಲ ಮದ್ದು ತೀರಾ ಸರಳ. ಹೊರಡುವ ಮುಂಚೆ ಸೈಕಲ್ ಕಂಪ್ಯೂಟರಿನ ಗಡಿಯಾರವನ್ನು, ಸೆಕೆಂಡ್ ಕಾಣುವ ಹಾಗೆ, ಕ್ಯಾಮೆರಾ ಮುಂದೆ ಹಿಡಿಯುವುದು. ಸಿನಿಮಾದವರು ಕ್ಲ್ಯಾಪ್ ಹೊಡೆಯುವುದಕ್ಕೂ ಇದಕ್ಕೂ ವ್ಯತ್ಯಾಸ ಇಲ್ಲ. 2016ರಲ್ಲಿ ಬಂದ ಗೋಪ್ರೊ ಹೀರೊ 5ರಂಥ ಕ್ಯಾಮೆರಾಗಳಲ್ಲಿ ಜಿಪಿಎಸ್ ಒಳಗೇ ಇದ್ದು, ಮಾಹಿತಿ ವಿಡಿಯೊ ಫೈಲಿನೊಳಗೇ ಹೆಣೆದುಕೊಂಡು ಬರುತ್ತದೆ. ಅಲ್ಲಿ ಈ ಜೋಡಿಸುವ ಕೆಲಸ ಬಹಳಷ್ಟು ಕಡಿಮೆಯಾಗುತ್ತದೆ. (ಅದೇ ಕಂಪನಿ 2023ರ ಹೀರೊ 12ರಲ್ಲಿ ಜಿಪಿಎಸ್ ತೆಗೆದು, ಮರುವರ್ಷ ಹೀರೊ 13ರಲ್ಲಿ ವಾಪಸ್ ತಂದಿತು.)

ಶುರುವಿನಲ್ಲಿ ಸರಿಯಾಗಿ ಕೂರಿಸಿದ್ದು ಕೊನೆಗೆ ಜಾರಿರುತ್ತದೆ, ಇದು ಇನ್ನೊಂದು ತಲೆನೋವು. 30 ಚಿತ್ರ ಅಂದೆನಲ್ಲ, ಎಷ್ಟೋ ಕ್ಯಾಮೆರಾಗಳಲ್ಲಿ ಅದು ನಿಜವಾಗಿ 29.97. ಅಮೆರಿಕದಲ್ಲಿ 1953ರಲ್ಲಿ ಕಲರ್ ಟಿವಿ ಪದ್ಧತಿ ಒಪ್ಪಿಕೊಂಡಾಗ ಬಣ್ಣದ ಸಿಗ್ನಲ್ಲೂ ಧ್ವನಿಯ ಸಿಗ್ನಲ್ಲೂ ಒಂದಕ್ಕೊಂದು ಅಡ್ಡಬರಬಾರದು ಅಂತ ಮಾಡಿಕೊಂಡ ಹೊಂದಾಣಿಕೆ ಅದು. ಅದನ್ನು 30 ಅಂತಲೇ ಎಣಿಸಿದರೆ ಒಂದು ಗಂಟೆಯ ವಿಡಿಯೊದಲ್ಲಿ 3.6 ಸೆಕೆಂಡ್ ತಪ್ಪುತ್ತದೆ. ಯಾವತ್ತೋ ಟಿವಿಗೆ ಅಂತ ಮಾಡಿದ ರಾಜಿ ಇವತ್ತು ನನ್ನ ಸೈಕಲ್ ಸ್ಪೀಡನ್ನು ಎಳೆದಾಡುತ್ತಿದೆ!

ಗಡಿಯಾರ ಸರಿಹೋಯಿತು ಅಂತಿಟ್ಟುಕೊಳ್ಳಿ. ನನಗೆ ನಿಜವಾಗಿ ಮಜಾ ಅನ್ನಿಸಿದ್ದು ಆಮೇಲಿನದು. ಪರದೆ ಮೇಲೆ ಒಟ್ಟಿಗೆ ಕಾಣುವ ಅಂಕಿಗಳು ಒಂದೇ ಕ್ಷಣದವಲ್ಲ. ಒಂದೊಂದರ ವಯಸ್ಸೂ ಬೇರೆ.

ಚಕ್ರಕ್ಕೆ ಕಟ್ಟಿದ ಸ್ಪೀಡ್ ಸೆನ್ಸರ್ ನೋಡಿ. ಅದಕ್ಕೆ ಗೊತ್ತಿರುವುದು ಒಂದೇ, ‘ಒಂದು ಸುತ್ತು ಆಯಿತು’. ರಸ್ತೆ ಸೈಕಲಿನ ಚಕ್ರದ ಸುತ್ತಳತೆ ಸುಮಾರು 2.1 ಮೀಟರ್. ಗಂಟೆಗೆ 7.5 ಕಿ.ಮೀ. ಹೋದರೆ ಸೆಕೆಂಡಿಗೆ ಒಂದೇ ಸುತ್ತು. ಸೈಕಲ್ ನಿಂತರೆ ‘ನಿಂತೆ’ ಅಂತ ಹೇಳುವ ಮಾತೇ ಅದಕ್ಕಿಲ್ಲ, ಸುಮ್ಮನಾಗಿಬಿಡುತ್ತದೆ. ಕಂಪ್ಯೂಟರ್ ಒಂದೆರಡು ಸೆಕೆಂಡ್ ಕಾದು ನೋಡಿ, ಇನ್ನು ಸುತ್ತು ಬರುವ ಲಕ್ಷಣ ಇಲ್ಲ ಅಂತ ಖಾತ್ರಿ ಮಾಡಿಕೊಂಡೇ ಸೊನ್ನೆ ಬರೆಯುವುದು. ಹಾಗಾಗಿ ಗಡಿಯಾರ ಎಷ್ಟೇ ಸರಿಯಿದ್ದರೂ ನಿಲ್ಲುವ ಜಾಗದಲ್ಲಿ ಸ್ಪೀಡ್ ಸ್ವಲ್ಪ ಹಿಂದೆ ಬೀಳುತ್ತದೆ.

ಪವರ್ ಮೀಟರಿನದು ಬೇರೆ ದಾರಿ. 1986ರಲ್ಲಿ ಜರ್ಮನಿಯ ಉಲ್ರಿಚ್ ಶೋಬರರ್ ಕಟ್ಟಿದ ಎಸ್‌ಆರ್‌ಎಂ ಎಂಬ ಪವರ್ ಮೀಟರಿನ ಕಾಲದಿಂದಲೂ ಅದರ ಮೂಲ ಯೋಚನೆ ಒಂದೇ. ಪೆಡಲ್ ಒತ್ತಿದಾಗ ಲೋಹ ಕೂದಲೆಳೆಯಷ್ಟೂ ಅಲ್ಲ, ಅದಕ್ಕಿಂತ ಕಡಿಮೆ ಬಾಗುತ್ತದೆ. ಅದಕ್ಕೆ ಅಂಟಿಸಿದ ಸ್ಟ್ರೈನ್ ಗೇಜ್ ಬಾಗಿದಾಗ ಅದರ ವಿದ್ಯುತ್ ರೋಧ ಬದಲಾಗುತ್ತದೆ. ಅದರಿಂದ ತಿರುಚುವ ಬಲ ಗೊತ್ತಾಗುತ್ತದೆ, ಅದನ್ನು ತಿರುಗುವ ವೇಗದಿಂದ ಗುಣಿಸಿದರೆ ವಾಟ್ ಸಿಕ್ಕಿತು. ಇದು ಕಾಲಿನ ಜೊತೆಗೇ ಏರಿಳಿಯುತ್ತದೆ, ಅದಕ್ಕೇ ಸೆಕೆಂಡಿಗೊಮ್ಮೆ 180, 310, 140 ಅಂತ ಕುಣಿಯುತ್ತದೆ. ನೋಡುವವರ ಕಣ್ಣಿಗೆ ಹಿಂಸೆ. ಮೂರು ಸೆಕೆಂಡಿನ ಸರಾಸರಿ ಹಾಕುವುದು ರೂಢಿ.

ಎಲ್ಲಕ್ಕಿಂತ ತರಲೆ ಅಂದರೆ ಏರಿನ ಶೇಕಡಾ. ಎತ್ತರ ಅಳೆಯುವುದು ಬಾರೋಮೀಟರ್. ಸಮುದ್ರಮಟ್ಟದ ಹತ್ತಿರ ಸುಮಾರು 8 ಮೀಟರ್ ಹತ್ತಿದರೆ ಗಾಳಿಯ ಒತ್ತಡ 1 ಹೆಕ್ಟೊಪಾಸ್ಕಲ್ ಇಳಿಯುತ್ತದೆ. ಈಗ ಫೈಲಿನೊಳಗೆ ಇಣುಕೋಣ. ಹೆಚ್ಚಿನ ಸೈಕಲ್ ಕಂಪ್ಯೂಟರ್‌ಗಳು ಬರೆಯುವ ಫಿಟ್ ಅನ್ನುವ ಫೈಲಿನಲ್ಲಿ ಎತ್ತರ 20 ಸೆಂಟಿಮೀಟರಿನ ಮೆಟ್ಟಿಲುಗಳಲ್ಲಿ ಇರುತ್ತದೆ, ನಡುವಿನದು ಬರೆಯಲು ಜಾಗವೇ ಇಲ್ಲ. ನೀವು 2% ಏರಿನಲ್ಲಿ ಗಂಟೆಗೆ 18 ಕಿ.ಮೀ. ಹೋಗುತ್ತಿದ್ದೀರಿ. ಸೆಕೆಂಡಿಗೆ 5 ಮೀಟರ್ ಮುಂದೆ, 10 ಸೆಂಟಿಮೀಟರ್ ಮೇಲೆ. ಫೈಲಿನಲ್ಲಿ ಒಂದು ಸೆಕೆಂಡ್ ಎತ್ತರ ಹಾಗೇ ಇರುತ್ತದೆ, ಮುಂದಿನ ಸೆಕೆಂಡಿಗೆ 20 ಸೆಂ.ಮೀ. ಜಿಗಿಯುತ್ತದೆ. ಹಾಗೇ ಲೆಕ್ಕ ಹಾಕಿ ಪರದೆಗೆ ಬಿಟ್ಟರೆ 0%, 4%, 0%, 4%. ಒಂದೇ ಸಮ ಏರುವ ರಸ್ತೆ ಕಾಗದದ ಮೇಲೆ ಮೆಟ್ಟಿಲಾಗಿಬಿಟ್ಟಿತು! ನೂರಿನ್ನೂರು ಮೀಟರ್ ಹಿಂದೆ ಮುಂದೆ ನೋಡಿ ಸರಾಸರಿ ಹಾಕದೆ ಇದಕ್ಕೆ ಬೇರೆ ದಾರಿಯಿಲ್ಲ.

‘ಮುಂದೆ ನೋಡಿ’ ಅಂದೆ, ಗಮನಿಸಿದಿರಾ? ರೇಸಿನ ನೇರಪ್ರಸಾರದವರಿಗೆ ಆ ಸವಲತ್ತು ಇಲ್ಲ. 2015ರ ಟೂರ್ ಡಿ ಫ್ರಾನ್ಸ್‌ನಲ್ಲಿ ಸವಾರರ ಸೀಟಿನ ಕೆಳಗೆ ಜಿಪಿಎಸ್ ಟ್ರ್ಯಾಕರ್ ಕಟ್ಟಿ ಲೈವ್ ಮಾಹಿತಿ ಕಳಿಸಿದರು. ಲೈವ್‌ನಲ್ಲಿ ಕೈಗೆ ಸಿಗುವುದು ಕಳೆದುಹೋದ ಕ್ಷಣಗಳಷ್ಟೇ, ಅವನ್ನು ಮಾತ್ರ ಸರಾಸರಿ ಮಾಡಿದರೆ ಅಂಕಿ ಹಿಂದೆ ಬೀಳಲೇಬೇಕು. ಮನೆಯಲ್ಲಿ ಕೂತು ಎಡಿಟ್ ಮಾಡುವ ನಮಗೆ ಪೂರ್ತಿ ರೈಡ್ ಕಣ್ಣ ಮುಂದಿದೆ. ಐದು ಸೆಕೆಂಡ್ ಹಿಂದಿನದ್ದು, ಐದು ಸೆಕೆಂಡ್ ಮುಂದಿನದ್ದು ಸೇರಿಸಿದರೆ ಕುಣಿತವೂ ನಿಲ್ಲುತ್ತದೆ, ಅಂಕಿಯೂ ತನ್ನ ಜಾಗ ಬಿಡುವುದಿಲ್ಲ.

ಹೀಗೆ ಒಂದೊಂದನ್ನೇ ಸರಿಮಾಡುತ್ತಾ ಬಂದವನು ಎದೆಬಡಿತದ ಹತ್ತಿರ ನಿಂತೆ. ವಿಡಿಯೊದಲ್ಲಿ ಏರು ಮುಗಿದಿದೆ, ಕಾಲು ನೆಲದ ಮೇಲಿದೆ, ನೀರು ಕುಡಿಯುತ್ತಿದ್ದೇನೆ. ಸ್ಪೀಡ್ 0, ಪವರ್ 0. ಎದೆಬಡಿತ 171. ನೋಡಿದ ಗೆಳೆಯ, “ಇದೊಂದು ಇನ್ನೂ ಲೇಟು ಕಣೋ, ಇಪ್ಪತ್ತು ಸೆಕೆಂಡ್ ಹಿಂದಕ್ಕೆ ಎಳಿ” ಅಂದ. ಎಳೆಯಲಿಲ್ಲ. ಎದೆಗೆ ಕಟ್ಟಿದ ಪಟ್ಟಿ ಲೇಟಾಗಿಲ್ಲ, ಕಾಲು ನಿಂತ ಮೇಲೂ ಹೃದಯ ಹಳೇ ಬಾಕಿ ತೀರಿಸುತ್ತಾ ಹೊಡೆದುಕೊಳ್ಳುತ್ತಿದೆ. ಬಾಟಲಿ ಮುಚ್ಚಳ ಹಾಕುವ ಹೊತ್ತಿಗೆ 158.